ಅಮೆರಿಕದ ಮೇನ್ ರಾಜ್ಯದ ಉತ್ತರ ಕಾಡಿನ ಹಳೇ ಟೋಪೋ (ನೆಲದ ಏರಿಳಿತ ತೋರಿಸುವ) ನಕ್ಷೆಗಳು: ಬೇಟೆ-ಮೀನುಗಾರಿಕೆ ಶಿಬಿರಗಳ ಜಾಗ ಗುರುತಿಸೋದು ಹೇಗೆ?

ಪ್ರಶ್ನೆ: ಚೆಸನ್‌ಕುಕ್ ಸರೋವರದ ಸುತ್ತಲಿನ ಹಳೇ ಸ್ಪೋರ್ಟಿಂಗ್ ಕ್ಯಾಂಪ್‌ಗಳನ್ನು (ಬೇಟೆ-ಮೀನುಗಾರಿಕೆ ಶಿಬಿರಗಳನ್ನು) ಈಗಿನ ಉಪಗ್ರಹ ಚಿತ್ರದ ಮೇಲೆ ಕೂರಿಸಬೇಕು. ಯಾವ ನಕ್ಷೆ ಸರಣಿ ಒಳ್ಳೆಯದು? ಹಳೇ ನಕ್ಷೆಯ ನನ್ನ ಸ್ಕ್ಯಾನ್ ಪಕ್ಕಕ್ಕೆ ಜರುಗಿ ಕೂರುತ್ತಿದೆ.

ಉತ್ತರ 1: ಯುಎಸ್‌ಜಿಎಸ್‌ನ (ಅಮೆರಿಕದ ಭೂವೈಜ್ಞಾನಿಕ ಸರ್ವೆ ಸಂಸ್ಥೆ) 15 ನಿಮಿಷದ ಸರಣಿ ತಗೊಳ್ಳಿ, ಒಂದೊಂದು ಹಾಳೆ ಅಕ್ಷಾಂಶ-ರೇಖಾಂಶದಲ್ಲಿ 15 ನಿಮಿಷ, ಅಂದರೆ ಕಾಲು ಡಿಗ್ರಿ ಅಗಲ-ಎತ್ತರ. ಅಳತೆ 1:62,500, ಅಂದರೆ ಇಂಚಿಗೆ ಹೆಚ್ಚುಕಡಿಮೆ ಒಂದು ಮೈಲಿ. ಅವರದ್ದೇ ಟೋಪೋವ್ಯೂ ತಾಣದಲ್ಲಿ ಜಿಯೋಟಿಫ್ (ಭೂಸ್ಥಾನದ ಮಾಹಿತಿ ಸೇರಿಸಿದ ಚಿತ್ರ ಕಡತ) ಉಚಿತ. ಅದಕ್ಕೆ ಸ್ಥಾನ ಕೊಟ್ಟೇ ಇರುತ್ತದೆ, ಸ್ಕ್ಯಾನ್ ಗೋಜೇ ಬೇಡ.

ಉತ್ತರ 2: ಸ್ವಂತ ಸ್ಕ್ಯಾನೇ ಬೇಕಿದ್ದರೆ, ಜರುಗುವುದಕ್ಕೆ ಕಾರಣ ಬಹುತೇಕ ಡೇಟಮ್, ಅಂದರೆ ಅಕ್ಷಾಂಶ-ರೇಖಾಂಶ ಅಳೆಯಲು ಆಧಾರವಾದ ಚೌಕಟ್ಟು. ಹಳೇ ಹಾಳೆ ನ್ಯಾಡ್ 27 ಎಂಬ ಉತ್ತರ ಅಮೆರಿಕದ ಹಳೇ ಡೇಟಮ್‌ನದ್ದು. ಅದನ್ನು ಡಬ್ಲ್ಯೂಜಿಎಸ್ 84 (ಜಿಪಿಎಸ್ ಬಳಸುವ ಡೇಟಮ್) ಅಂತ ಕೊಟ್ಟರೆ ಹತ್ತಾರು ಮೀಟರ್ ತಪ್ಪುತ್ತದೆ. ಕ್ಯೂಜಿಐಎಸ್ ಎಂಬ ನಕ್ಷೆ ತಂತ್ರಾಂಶದಲ್ಲಿ ಇಪಿಎಸ್‌ಜಿ 4267 (ನ್ಯಾಡ್ 27ರ ಸಂಕೇತ ಸಂಖ್ಯೆ) ಆರಿಸಿ. ನಕ್ಷೆ ಕೂರಿಸಲು ನಾಲ್ಕು ಮೂಲೆ ಸಾಲದು, ಕಾಗದ ಮಡಿಕೆಗಳಲ್ಲಿ ಹಿಗ್ಗಿರುತ್ತದೆ. 5 ನಿಮಿಷಕ್ಕೊಂದು ಗುರುತು ಇರುತ್ತದಲ್ಲ, ಒಳಗಿನ ನಾಲ್ಕು ಕೂಡುಗೆರೆ ಸೇರಿ ಒಟ್ಟು 16 ಬಿಂದು ಸಿಗುತ್ತವೆ. ಎಲ್ಲವನ್ನೂ ಹಾಕಿ.

ಉತ್ತರ 3: ಸಣ್ಣ ಕಪ್ಪು ಚೌಕ ಕಂಡಾಕ್ಷಣ ಸ್ಪೋರ್ಟಿಂಗ್ ಕ್ಯಾಂಪ್ ಅನ್ನಬೇಡಿ, ಮರ ಕಡಿಯುವವರ ಬಿಡಾರವೂ ಹಾಗೇ ಕಾಣುತ್ತದೆ. ದಡದಲ್ಲಿ ಸಾಲಾಗಿ ನಾಲ್ಕೈದಿದ್ದು ಹೆಸರೂ ಇದ್ದರೆ ನಂಬಬಹುದು. ಅಂಚಿನಲ್ಲಿ ಸರ್ವೆ ವರ್ಷ, ಮುದ್ರಣ ವರ್ಷ ಬೇರೆ ಬೇರೆ, ಸರ್ವೆಯದ್ದನ್ನೇ ಬರೆದುಕೊಳ್ಳಿ. ನೇರಳೆ ಬಣ್ಣದಲ್ಲಿರುವುದು ವಿಮಾನಚಿತ್ರ ನೋಡಿ ಆಮೇಲೆ ಸೇರಿಸಿದ್ದು, ಸ್ಥಳಕ್ಕೆ ಹೋಗಿ ಪರಿಶೀಲಿಸಿದ್ದಲ್ಲ. ಕಾಡುದಾರಿಗಳನ್ನು ಹೋಲಿಕೆಗೆ ಬಳಸಬೇಡಿ: 1950ರ ದಶಕದ ಹಾಳೆಯಲ್ಲಿ ಗೋಲ್ಡನ್ ರೋಡ್ (ಆಮೇಲೆ ಕಟ್ಟಿದ ಮರಸಾಗಣೆ ದಾರಿ) ಇಲ್ಲವೇ ಇಲ್ಲ.