ಅಪ್‌ಡೇಟ್: ತಂಗಿಯ ದವಡೆ ಊತ ಮಂಗನಬಾವು ಅಲ್ಲ

ತಂಗಿಗೆ ದವಡೆ ಕೆಳಗೆ ಒಂದೇ ಕಡೆ ಊದಿದೆ, ಮಂಗನಬಾವು ಇರಬಹುದಾ ಎಂದು ಕೇಳಿದ್ದೆ. ಅಲ್ಲವಂತೆ. ಜೊಲ್ಲುಗ್ರಂಥಿಯ ನಾಳದಲ್ಲಿ ಸಣ್ಣ ಕಲ್ಲು ಸಿಕ್ಕಿಕೊಂಡಿದೆ, ಅಲ್ಟ್ರಾಸೌಂಡ್‌ನಲ್ಲಿ ಕಾಣಿಸಿತು.

ಡಾಕ್ಟರ್ ಮೊದಲು ಕೇಳಿದ್ದೇ ಊಟದ ಬಗ್ಗೆ. ತಿನ್ನಲು ಕೂತರೆ ಜೊಲ್ಲು ಊರುತ್ತದೆ, ಹೊರಬರಲು ದಾರಿಯಿಲ್ಲ, ಊತ ನೋವು ಎರಡೂ ಜಾಸ್ತಿ. ಆಮೇಲೆ ನಿಧಾನವಾಗಿ ಇಳಿಯುತ್ತದೆ. ಮಂಗನಬಾವಿನ ಊತ ಹೀಗೆ ಊಟ ಊಟಕ್ಕೂ ಬಂದು ಹೋಗುವುದಿಲ್ಲ, ಕೆಲವು ದಿನ ಹಾಗೇ ಇರುತ್ತದೆ. ಮಂಗನಬಾವೂ ಒಂದೇ ಕಡೆ ಬರಬಹುದು, ಹಾಗಾಗಿ ಒಂದೇ ಕಡೆ ಊದಿದೆ ಎನ್ನುವುದನ್ನಷ್ಟೇ ನೋಡಿ ತೀರ್ಮಾನಿಸಲು ಆಗಲ್ಲ.

ಹಲ್ಲಿನ ಬುಡದ ಕೀವು, ಬ್ಯಾಕ್ಟೀರಿಯಾ ಸೋಂಕು, ಫ್ಲೂನಂಥ ಬೇರೆ ವೈರಸ್‌ಗಳಿಂದಲೂ ಹೀಗೇ ಊದಬಹುದಂತೆ.

ಸದ್ಯಕ್ಕೆ ನೀರು ಜಾಸ್ತಿ ಕುಡಿಯಬೇಕು, ಬಿಸಿ ಶಾಖ ಕೊಟ್ಟು ಮೆಲ್ಲಗೆ ನೀವಬೇಕು, ಹುಳಿ ಚೀಪಬೇಕು. ಕಲ್ಲು ತಾನಾಗಿ ಬರದಿದ್ದರೆ ತೆಗೆಯುತ್ತಾರೆ.