ಅಪ್‌ಡೇಟ್: ಎಐ ಬರೆದ ಕರಾರು ಕೊನೆಗೆ ಏನಾಯ್ತು

ಕ್ಲೈಂಟ್ ಜೊತೆಗಿನ ಸರ್ವಿಸ್ ಅಗ್ರಿಮೆಂಟನ್ನು ಎಐ ಹತ್ತಿರ ಬರೆಸಬಹುದಾ, ವಕೀಲರಿಗೆ ತೋರಿಸಲೇಬೇಕಾ ಅಂತ ಕೇಳಿದ್ದೆ. ಎರಡೂ ಮಾಡಿದೆ, ಸಹಿಯೂ ಆಯ್ತು.

ಸುಮ್ನೆ "ಒಂದು ಕರಾರು ಬರೆದುಕೊಡು" ಅಂದರೆ ಸಿಗೋದು ಯಾರ ಮೈಗೂ ಹೊಂದದ ರೆಡಿಮೇಡ್ ಅಂಗಿ. ಏನು ಕೆಲಸ, ಹಣ ಯಾವಾಗ, ಮಧ್ಯದಲ್ಲಿ ಬಿಟ್ಟರೆ ಏನು, ಯಾವ ದೇಶದ ಕಾನೂನು ಅಂತ ಮೊದಲೇ ಹೇಳಿದ ಮೇಲೆ ಡ್ರಾಫ್ಟ್ ಪರವಾಗಿಲ್ಲ ಅನ್ನಿಸಿತು. ಆದರೆ ಜಾಸ್ತಿ ಉಪಯೋಗಕ್ಕೆ ಬಂದಿದ್ದು ಎದುರು ಪಾರ್ಟಿ ತಿದ್ದಿ ಕಳಿಸಿದ ಪ್ರತಿ ಓದುವಾಗ. ನನ್ನ ಹೊಣೆ ಇಷ್ಟು ಮೊತ್ತಕ್ಕೇ ಸೀಮಿತ ಅಂತ ಒಂದು ಕಲಂ ಇತ್ತು, ಅವರು ನಾಲ್ಕು ಪುಟ ಆಚೆ ನಷ್ಟ ತುಂಬಿಕೊಡುವ ಕಲಮಿಗೆ ಆ ಮಿತಿ ಅನ್ವಯಿಸಲ್ಲ ಅಂತ ಒಂದೇ ಸಾಲು ಸೇರಿಸಿದ್ದರು. ಅಂದರೆ ಮಿತಿ ಇದ್ದೂ ಇಲ್ಲದ ಹಾಗೆ! ಎಐ ಅದನ್ನು ಹಿಡಿಯಿತು. (ವಕೀಲರೂ ಹಿಡಿಯುತ್ತಿದ್ದರು, ಅದು ಬೇರೆ ಮಾತು.)

ಬಿಟ್ಟದ್ದೂ ಇದೆ. ಕೆಲಸದ ಕಾಪಿರೈಟ್ ಪೂರ್ತಿ ಹಣ ಬಂದ ಮೇಲೆ ಕ್ಲೈಂಟಿಗೆ ಹೋಗುತ್ತದಾ, ಮೊದಲೇನಾ ಅನ್ನೋದು ಡ್ರಾಫ್ಟಿನಲ್ಲಿ ಇರಲೇ ಇಲ್ಲ, ವಕೀಲರು ಹಾಕಿಸಿದರು.

ಎಐ ಕೋರ್ಟ್ ತೀರ್ಪುಗಳ ಹೆಸರು ಕೊಟ್ಟರೆ ಮಾತ್ರ ಹಾಗೇ ನಂಬಬೇಡಿ. 2023ರಲ್ಲಿ ನ್ಯೂಯಾರ್ಕಿನಲ್ಲಿ ಚಾಟ್‌ಜಿಪಿಟಿ ಹುಟ್ಟಿಸಿದ ಇಲ್ಲದ ತೀರ್ಪುಗಳನ್ನು ಕೋರ್ಟಿಗೆ ಕೊಟ್ಟ ವಕೀಲರಿಗೆ 5,000 ಡಾಲರ್ ದಂಡ ಬಿತ್ತಲ್ವಾ.

ಗುಟ್ಟಿನ ವಿವರಗಳನ್ನು ಎಐಗೆ ಕೊಡಬಹುದಾ ಅಂತ ಕೇಳಿದವರಿಗೆ: ಹೆಸರು, ಮೊತ್ತ ಎಲ್ಲ ತೆಗೆದು 'ಪಾರ್ಟಿ ಎ', 'ಪಾರ್ಟಿ ಬಿ' ಅಂತ ಮಾಡಿಯೇ ಅಪ್‌ಲೋಡ್ ಮಾಡಿದ್ದು. ವಾಪಸ್ ಹೆಸರು ಹಾಕುವಾಗ ಅದಲುಬದಲಾಗದ ಹಾಗೆ ನೋಡಿಕೊಳ್ಳಿ.