ಸಿಎನ್‌ಪಿಗೆ ಯಾವ ಪ್ರಯಾರಿಟಿ ಕೊಡಬೇಕು?

ಪ್ರಶ್ನೆ: 100 ಜಿ ಸ್ವಿಚ್‌ಗೆ ಎಂಟು ಸರ್ವರ್ ಸೇರಿಸಿ ಆರ್‌ಡಿಎಂಎ (ಪ್ರೊಸೆಸರ್‌ಗೆ ಹೊರೆ ಕೊಡದೆ ಒಂದು ಸರ್ವರ್ ಮೆಮೊರಿಯಿಂದ ಇನ್ನೊಂದಕ್ಕೆ ನೇರ ಡೇಟಾ; ಈಥರ್ನೆಟ್‌ನಲ್ಲಿ ಅದರ ಬಗೆ ರಾಕಿ ವಿ2, RoCE v2) ಓಡಿಸಬೇಕು. ಪ್ರಯಾರಿಟಿ 3ಕ್ಕೆ ಪಿಎಫ್‌ಸಿ (ಬಫರ್ ತುಂಬುವ ಮುನ್ನ ‘ನಿಲ್ಲು’ ಎನ್ನುವ ಪಾಸ್, ಅಂದರೆ pause, ಫ್ರೇಮ್ ಕಳಿಸಿ ಆ ಪ್ರಯಾರಿಟಿಯನ್ನಷ್ಟೇ ತಡೆಯೋದು) ಆನ್, ಇಸಿಎನ್ (ದಟ್ಟಣೆ ಆದಾಗ ಸ್ವಿಚ್ ಪ್ಯಾಕೆಟ್ ಮೇಲೆ ಗುರುತು ಹಾಕೋದು) ಕೂಡ ಆನ್. ಆದರೂ ಪಾಸ್ ಫ್ರೇಮ್ ಏರುತ್ತಲೇ ಇದೆ. ದಟ್ಟಣೆ ತಿಳಿಸುವ ಸಿಎನ್‌ಪಿ ಪ್ಯಾಕೆಟ್‌ಗಳನ್ನೂ 3ರಲ್ಲೇ ಬಿಡಬಹುದಾ?

— ಬಿಡಬೇಡಿ ಸರ್. ಸಿಎನ್‌ಪಿ ಅಂದರೆ ಡೇಟಾ ಪಡೆಯುವ ನೆಟ್‌ವರ್ಕ್ ಕಾರ್ಡು ಕಳಿಸುವ ಕಾರ್ಡಿಗೆ ಹೇಳುವ ‘ನಿಧಾನ ಮಾಡು’. ಅದೇ ಡೇಟಾ ಕ್ಯೂನಲ್ಲಿ ಸಿಕ್ಕಿಕೊಂಡರೆ, ಅಥವಾ ಪಾಸ್ ಬಿದ್ದು ನಿಂತರೆ, ಸುದ್ದಿ ಮುಟ್ಟುವ ಹೊತ್ತಿಗೆ ಬಫರ್ ತುಂಬಿರುತ್ತೆ. ಸಿಎನ್‌ಪಿಗೆ ಡಿಎಸ್‌ಸಿಪಿ (ಐಪಿ ಹೆಡರ್‌ನಲ್ಲಿ ಪ್ಯಾಕೆಟ್‌ನ ದರ್ಜೆ ಹೇಳುವ ಸಂಖ್ಯೆ) 48, ಪ್ರಯಾರಿಟಿ 6, ಸ್ಟ್ರಿಕ್ಟ್ ಕ್ಯೂ (ಬೇರೆಲ್ಲಕ್ಕಿಂತ ಮೊದಲು ಹೋಗುವ ಸಾಲು) ಕೊಡಿ. 6ಕ್ಕೆ ಪಿಎಫ್‌ಸಿ ಬೇಡ. ಪ್ಯಾಕೆಟ್ ಚಿಕ್ಕದು, ಕಾರ್ಡೇ ಅವುಗಳ ನಡುವೆ ಅಂತರ ಇಟ್ಟು ಕಳಿಸುತ್ತೆ, ಹಾಗಾಗಿ ಬೇರೆ ಕ್ಯೂ ಹಸಿವಿನಿಂದ ಸಾಯಲ್ಲ.

— ಅದಕ್ಕೂ ಮೊದಲು ಡೇಟಾ ನಿಜಕ್ಕೂ 3ಕ್ಕೇ ಹೋಗ್ತಿದೆಯಾ ನೋಡಿ. ಸ್ವಿಚ್, ಕಾರ್ಡು ಎರಡರಲ್ಲೂ ಟ್ರಸ್ಟ್ ಡಿಎಸ್‌ಸಿಪಿ (ಡಿಎಸ್‌ಸಿಪಿ ನೋಡಿ ಪ್ರಯಾರಿಟಿ ಆರಿಸೋದು) ಇರಲಿ. ವಿಲ್ಯಾನ್ ಟ್ಯಾಗ್ ನಂಬಿದರೆ ಟ್ಯಾಗ್ ಇಲ್ಲದ್ದೆಲ್ಲ ಡೀಫಾಲ್ಟ್ ಕ್ಯೂಗೆ. ಇನ್ನೊಂದು ಮಾಮೂಲಿ ಎಡವಟ್ಟು: ಡೇಟಾಗೆ ಡಿಎಸ್‌ಸಿಪಿ 26 (ಸಾಮಾನ್ಯವಾಗಿ ಪ್ರಯಾರಿಟಿ 3) ಬೇಕು ಅಂತ ಟಿಒಎಸ್ (ಡಿಎಸ್‌ಸಿಪಿ, ಇಸಿಎನ್ ಎರಡೂ ಸೇರಿದ 8 ಬಿಟ್) ಜಾಗದಲ್ಲೂ 26 ಬರೆಯೋದು. ಅಲ್ಲಿ ಕೊನೆಯ ಎರಡು ಬಿಟ್ ಇಸಿಎನ್‌ಗೆ ಸೇರಿದ್ದು. 26 × 4 = 104, ಇಸಿಎನ್ ಗುರುತಿನ 2 ಸೇರಿ 106 ಬರೀಬೇಕು. 26 ಬರೆದರೆ ಡಿಎಸ್‌ಸಿಪಿ 6 ಆಗಿ ಪ್ರಯಾರಿಟಿ 0ಗೆ ಬೀಳುತ್ತೆ. ಅಲ್ಲಿ ಪಿಎಫ್‌ಸಿ ಇಲ್ಲ, ಪ್ಯಾಕೆಟ್ ಡ್ರಾಪ್.

— ಪಾಸ್ ಏರ್ತಿದೆ ಅಂದರೆ ನನ್ನ ಅನುಮಾನ ಥ್ರೆಶೋಲ್ಡ್ ಮೇಲೆ. ಪಿಎಫ್‌ಸಿಗಿಂತ ಮುಂಚೆ ಇಸಿಎನ್ ಗುರುತು ಬೀಳಲೇಬೇಕು. ಗುರುತಿನ ಮಿತಿಯನ್ನ ಕನಿಷ್ಠ 150 ಕೆಬಿ, ಗರಿಷ್ಠ 1500 ಕೆಬಿಯಿಂದ ಶುರು ಮಾಡಿ. ಹಂಚಿಕೆಯ ಬಫರ್‌ನಲ್ಲಿ ಆಲ್ಫಾ (ಖಾಲಿ ಜಾಗದಲ್ಲಿ ಎಷ್ಟು ಪಾಲು ಬಳಸಬಹುದು ಅನ್ನುವ ಅಳತೆ) ತೀರಾ ಕಮ್ಮಿ ಇಟ್ಟಿದ್ದರೆ ಪಾಸ್ ಮಿತಿ ಈ 150ರ ಕೆಳಗೇ ಇಳಿಯಬಹುದು, ಆಗ ಸಿಎನ್‌ಪಿ ಹುಟ್ಟದೇ ಇರಬಹುದು. ಏಳು ಸರ್ವರ್‌ಗಳಿಂದ ಒಂದಕ್ಕೇ ಡೇಟಾ ಸುರಿದು ಕೌಂಟರ್ ಓದಿ. ಪಡೆಯುವ ಕಾರ್ಡಿನಲ್ಲಿ ಇಸಿಎನ್ ಗುರುತು ಏರಿ ಕಳಿಸಿದ ಸಿಎನ್‌ಪಿ ಸೊನ್ನೆ ಇದ್ದರೆ, ಆ ಪ್ರಯಾರಿಟಿಗೆ ಕಾರ್ಡಿನಲ್ಲೇ ದಟ್ಟಣೆ ನಿಯಂತ್ರಣ ಆಫ್. ಸಿಎನ್‌ಪಿ ಅಲ್ಲಿಂದ ಹೊರಟು ಕಳಿಸುವ ಕಡೆ ಲೆಕ್ಕಕ್ಕೆ ಬರದಿದ್ದರೆ ದಾರಿಯಲ್ಲಿ ಕಳೆದಿದೆ. ಎರಡೂ ಕಡೆ ಸರಿಯಿದ್ದೂ ಪಾಸ್ ಏರಿದರೆ ಕನಿಷ್ಠ ಮಿತಿ ಇಳಿಸಿ.

— ಒಂದು ಎಚ್ಚರಿಕೆ. ಕೆಲವು ಸ್ವಿಚ್‌ಗಳ ಮೆನುವಿನಲ್ಲಿ ‘ಕಂಜೆಶನ್ ನೋಟಿಫಿಕೇಶನ್ ಪ್ರಯಾರಿಟಿ’ ಅಂತಲೇ ಬೇರೆ ಸೆಟ್ಟಿಂಗ್ ಇರುತ್ತೆ. ಅದು 2010ರ 802.1ಕ್ಯೂಎಯು, ಲೇಯರ್ 2ರದ್ದು, ರೌಟರ್ ದಾಟಲ್ಲ. ಹೆಸರು ನೋಡಿ ಅದನ್ನ ಆನ್ ಮಾಡಬೇಡಿ, ರಾಕಿ ವಿ2ಗೂ ಅದಕ್ಕೂ ಸಂಬಂಧ ಇಲ್ಲ.